ಬಾಣ ಎಳೆಯಲಾಗದ ಯುದ್ಧ

ಯುದ್ಧ ಚರಿತ್ರೆ ಓದುವ ಚಟ ಹತ್ತಿದವರು ಪುಸ್ತಕ ಕೈಗೆ ಬಂದೊಡನೆ ಹುಡುಕುವುದು ನಕ್ಷೆಗಳನ್ನು. ಎಲ್ಲಿಂದ ಹೊರಟರು, ಎಲ್ಲಿ ಉಸಿರು ಕಟ್ಟಿತು ಎಂಬುದನ್ನು ದಪ್ಪ ಬಾಣಗಳು ಹೇಳಿಬಿಡುತ್ತವೆ. 1944ರ ಡಿಸೆಂಬರ್ 16ರಂದು ಹಿಟ್ಲರನ ಪಡೆಗಳು ಆರ್ಡೆನ್ಸ್ ಕಾಡಿನಲ್ಲಿ ನುಗ್ಗಿದ ಬಾಣವಂತೂ ಸ್ಪಷ್ಟ. ಗುರಿ ಆಂಟ್ವರ್ಪ್ ಬಂದರು. ಅಲ್ಲಿಯವರೆಗೆ ಸಾಲುವಷ್ಟು ಇಂಧನವೇ ಇರಲಿಲ್ಲ. ಅಮೆರಿಕನ್ನರ ದಾಸ್ತಾನು ಕಿತ್ತುಕೊಂಡು ಮುಂದೆ ಹೋಗುವ ಲೆಕ್ಕಾಚಾರ! ಜನವರಿ ಮುಗಿಯುವ ಹೊತ್ತಿಗೆ ಹೊರಟಲ್ಲಿಗೇ ವಾಪಸ್, ಜರ್ಮನಿಯ ಮೀಸಲು ಪಡೆಯೂ ಖಾಲಿ. ಶತ್ರು ಜೋರಾಗಿ ಹೊಡೆದನೆಂದರೆ ಅವನ ಕೊನೆ ಹತ್ತಿರ ಬಂತು ಎಂಬ ಪಾಠವನ್ನು ಸೇನಾಧಿಕಾರಿಗಳು ಈ ಬಲ್ಜ್ ಕದನದಿಂದ ಕಲಿತರು.

ಕಲಿತದ್ದು ಅತಿಯಾಯಿತು ಎಂದು ನನ್ನ ತಕರಾರು.

1967ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷ ಜನರಲ್ ಅರ್ಲ್ ವೀಲರ್, ವಿಯೆಟ್ನಾಂನಲ್ಲೂ ಬಲ್ಜ್ ಮಾದರಿಯ ಹತಾಶ ದಾಳಿ ನಡೆಯಬಹುದು ಎಂದಿದ್ದರು. ಹಾಗೇ ಆಯಿತು. ಮರುತಿಂಗಳ ಕೊನೆಗೆ, ಟೆಟ್ ಹಬ್ಬದ ರಜೆಯಲ್ಲಿ, ಉತ್ತರ ವಿಯೆಟ್ನಾಂ ಸೈನ್ಯ ಮತ್ತು ದಕ್ಷಿಣದ ವಿಯೆಟ್‌ಕಾಂಗ್ ಗೆರಿಲ್ಲಾಗಳ ಸುಮಾರು 80,000 ಮಂದಿ ನೂರಕ್ಕೂ ಹೆಚ್ಚು ಊರುಗಳ ಮೇಲೆ ಬಿದ್ದರು. ಸೈಗಾನ್‌ನ ಅಮೆರಿಕನ್ ರಾಯಭಾರ ಕಚೇರಿಯ ಆವರಣಕ್ಕೂ ನುಗ್ಗಿದರು. ಹ್ಯೂ ನಗರವನ್ನು ಬಿಡಿಸಿಕೊಳ್ಳಲು ಹತ್ತಿರ ಹತ್ತಿರ ನಾಲ್ಕು ವಾರ ಹಿಡಿಯಿತು. ಉತ್ತರದ ರಾಜಧಾನಿ ಹನೋಯ್ ನಿರೀಕ್ಷಿಸಿದ್ದ ಜನರ ದಂಗೆ ಮಾತ್ರ ಏಳಲೇ ಇಲ್ಲ. ವಿಯೆಟ್‌ಕಾಂಗ್ ಎಷ್ಟು ನುಜ್ಜುಗುಜ್ಜಾಯಿತೆಂದರೆ, ಮುಂದಿನ ಹೋರಾಟದ ಭಾರ ಹೆಚ್ಚೆಚ್ಚಾಗಿ ಉತ್ತರದ ಸೈನ್ಯದ ಹೆಗಲಿಗೆ ಬಿತ್ತು.

ರಣರಂಗದ ಮಟ್ಟಿಗೆ ವೀಲರ್ ಮಾತು ಸುಳ್ಳಾಗಲಿಲ್ಲ. ಆದರೂ ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿದರು. ಬಲ್ಜ್‌ನಲ್ಲಿ ಸುಮಾರು 19,000 ಅಮೆರಿಕನ್ನರು ಸತ್ತರೂ ಕದನ ಮುಗಿದ ಎರಡು ತಿಂಗಳೊಳಗೆ ಸೈನ್ಯ ರೈನ್ ನದಿ ದಾಟಿತ್ತು; ಮನೆಯಲ್ಲಿ ಕೂತು ಪತ್ರಿಕೆ ಓದುವವನಿಗೂ ಗೆಲುವು ಗೆರೆಯಾಗಿ ಕಾಣುತ್ತಿತ್ತು. ವಿಯೆಟ್ನಾಂನಲ್ಲಿ ದಾಟಲು ಅಂಥ ನದಿ ಯಾವುದಿತ್ತು?

ಇರಾಕ್ ಬಂಡಾಯದ ಕಾಲಕ್ಕೆ ಈ ಹೋಲಿಕೆ ಇನ್ನೂ ಸಡಿಲವಾಯಿತು. ಬಂಡುಕೋರರು ಕೊನೆಯುಸಿರು ಎಳೆಯುತ್ತಿದ್ದಾರೆ ಎಂದು ಉಪಾಧ್ಯಕ್ಷ ಡಿಕ್ ಚೇನಿ 2005ರಲ್ಲೇ ಹೇಳಿಬಿಟ್ಟಿದ್ದರು. 2006ರ ಅಕ್ಟೋಬರ್‌ನಲ್ಲಿ ಅಂಕಣಕಾರ ಥಾಮಸ್ ಫ್ರೀಡ್‌ಮನ್ ಇರಾಕ್‌ನ ಹಿಂಸಾಚಾರವನ್ನು ಟೆಟ್‌ಗೆ ಹೋಲಿಸಿದಾಗ, ಇರಬಹುದು ಎಂದರು ಅಧ್ಯಕ್ಷ ಬುಷ್. ಆ ಒಂದೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದರು, ಚುನಾವಣೆ ಎದುರಿಗಿತ್ತು. ಟೆಟ್ ನೆನಪಾಗದೆ ಇದ್ದೀತೆ?

ನಾನಂತೂ ಒಪ್ಪುವುದಿಲ್ಲ. ಟೆಟ್‌ಗೆ ಒಂದು ಯೋಜನೆಯಿತ್ತು, ಅದನ್ನು ಹೊಸೆದ ಒಂದು ರಾಜಧಾನಿಯಿತ್ತು. ಇರಾಕ್‌ನಲ್ಲಿ ಅಲ್ ಖೈದಾ ಒಂದು ಕಡೆ, ಸುನ್ನಿ ಗುಂಪುಗಳು ಮತ್ತೊಂದು ಕಡೆ, ಶಿಯಾಗಳ ಮಹ್ದಿ ಸೇನೆ ಇನ್ನೊಂದು ಕಡೆ. 2006ರ ಫೆಬ್ರವರಿಯಲ್ಲಿ ಸಮಾರಾದ ಶಿಯಾ ಮಸೀದಿ ಸ್ಫೋಟಗೊಂಡ ಮೇಲೆ ಇವರು ಅಮೆರಿಕನ್ನರಿಗಿಂತ ತಮ್ಮ ನೆರೆಯವರನ್ನೇ ಹೆಚ್ಚು ಕೊಲ್ಲುತ್ತಿದ್ದರು. ರಸ್ತೆ ಬದಿ ಬಾಂಬ್ ಹುಗಿಯುವವನಿಗೆ ಆಂಟ್ವರ್ಪ್ ಮುಟ್ಟುವ ಗಡುವಿಲ್ಲ. ಅವನ ಇಂಧನ ತೀರಲೆಂದು ಕಾಯುವುದು ವ್ಯರ್ಥ.

ಇರಾಕ್‌ನ ಅನ್ಬಾರ್ ಪ್ರಾಂತ್ಯದಲ್ಲಿ ಗಾಳಿ ಬದಲಾದದ್ದು ಬಂಡುಕೋರರು ಸುಸ್ತಾಗಿ ಅಲ್ಲ. ಅವರಿಗೆ ನೆಲೆ ಕೊಟ್ಟಿದ್ದ ಬುಡಕಟ್ಟುಗಳಲ್ಲಿ ಹಲವು 2006ರ ಸೆಪ್ಟೆಂಬರ್‌ನಿಂದ ರಮಾದಿಯ ಶೇಖ್ ಅಬ್ದುಲ್ ಸತ್ತಾರ್ ಅಬು ರಿಷಾ ಜೊತೆ ಸೇರಿ ಅಲ್ ಖೈದಾಕ್ಕೆ ತಿರುಗಿ ನಿಂತವು. ಬುಷ್ ಹೆಚ್ಚುವರಿ ಪಡೆ ಘೋಷಿಸಿದ್ದು ಅದಾದ ನಾಲ್ಕು ತಿಂಗಳಿಗೆ. 2007ರಲ್ಲೇ ಅಬು ರಿಷಾ ಬಾಂಬಿಗೆ ಬಲಿಯಾದರು. 2015ರ ಮೇನಲ್ಲಿ ರಮಾದಿ ಐಸಿಸ್ ಕೈಗೆ ಹೋಯಿತು.