ಮಸುಕು, ಮಸುಕಾದ, ಮಸುಕಾಗಿ

ಮಳೆಗಾಲದ ಒಂದು ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿಯ ಕಡೆ ಮುಖ ಮಾಡಿ ನಿಂತಿದ್ದೆವು. ಮಂಜು ಕವಿದಿತ್ತು. ‘ಬೆಟ್ಟ ಮಸುಕಾಗಿ ಕಾಣ್ತಿದೆ’ ಎಂದ ಗೆಳೆಯ. ‘ಮಸುಕಾದ ಬೆಟ್ಟ ಕಾಣ್ತಿದೆ’ ಎನ್ನಲಿಲ್ಲ. ಬೆಟ್ಟಕ್ಕೇನೂ ಆಗಿರಲಿಲ್ಲ, ಅದು ಎಂದಿನಂತೆ ಗಟ್ಟಿಯಾಗಿ ಅಲ್ಲೇ ಕೂತಿತ್ತು. ಮಸುಕು ಇದ್ದದ್ದು ಬೆಟ್ಟಕ್ಕೂ ನಮ್ಮ ಕಣ್ಣಿಗೂ ನಡುವೆ. ‘ಆಗಿ’ ಎಂಬ ಎರಡಕ್ಷರ ಬೆಟ್ಟದ ಮಾನ ಕಾಪಾಡಿತು.

ಅಂದಿನಿಂದ ‘ಆದ’, ‘ಆಗಿ’ ಎಂಬ ಈ ಜೋಡಿ ನನಗೆ ಅಚ್ಚುಮೆಚ್ಚು. ಮನೆಯ ಗೋಡೆಯ ಮೇಲಿನ ಹಳೆಯ ಮದುವೆ ಫೋಟೋ ನೋಡಿ. ಅದನ್ನು ‘ಮಸುಕು ಫೋಟೋ’ ಎಂದರೆ ತೆಗೆದಾಗಲೇ ಸರಿಯಾಗಿ ಮೂಡದ ಚಿತ್ರ. ‘ಮಸುಕಾದ ಫೋಟೋ’ ಎಂದರೆ ಒಂದು ಕಾಲಕ್ಕೆ ಸೀರೆಯ ಅಂಚಿನವರೆಗೂ ನಿಚ್ಚಳವಾಗಿದ್ದದ್ದು, ಬಿಸಿಲಿಗೆ, ವರ್ಷಗಳಿಗೆ ಸೋತದ್ದು. ‘ಫೋಟೋ ಮಸುಕಾಗಿ ಕಾಣುತ್ತದೆ’ ಎಂದರೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಬಹುದು. ಹುಟ್ಟುಗುಣ, ಬದುಕಿನ ಪಾಡು, ನೋಟದ ಮಿತಿ: ಮೂರಕ್ಕೂ ಒಂದೇ ಬೇರಿನ ಮೂರು ರೂಪ.

ಶಾಲೆಯಲ್ಲಿ ‘ಮಸುಕಾದ’ವನ್ನು ವಿಶೇಷಣ, ‘ಮಸುಕಾಗಿ’ಯನ್ನು ಕ್ರಿಯಾವಿಶೇಷಣ ಎಂದು ಕಲಿತು ಮುಂದೆ ಹೋಗುತ್ತೇವೆ. ಆದರೆ ‘ಆದ’, ‘ಆಗಿ’ ಎರಡೂ ‘ಆಗು’ ಎಂಬ ಧಾತುವಿನ ಮಕ್ಕಳು. ಹಾಗಾಗಿ ‘ಮಸುಕಾದ’ ಎನ್ನುವಾಗ ಮಸುಕು ಬಂದು ಸೇರಿದ ಕಥೆಯೂ ಅದರೊಳಗೇ ಇರುತ್ತದೆ.

ಮಾತಿನ ವಿಷಯಕ್ಕೆ ಬಂದರೆ ಈ ಆಯ್ಕೆ ನ್ಯಾಯದ ಪ್ರಶ್ನೆ. ‘ಅವರು ಅಸ್ಪಷ್ಟವಾದ ಮಾತಾಡಿದರು’ ಎಂದರೆ ಹೊಣೆ ಆಡಿದವರದು. ‘ಅವರ ಮಾತು ಅಸ್ಪಷ್ಟವಾಗಿ ಕೇಳಿಸಿತು’ ಎಂದರೆ ದೂರ, ಗದ್ದಲ, ಕೇಳುವವನ ಕಿವಿ ಎಲ್ಲಕ್ಕೂ ಪಾಲಿದೆ. ಸಂಸ್ಕೃತದಲ್ಲಿ ‘ಸ್ಪಷ್ಟ’ದ ಬೇರಿಗೆ ನೋಡುವುದು ಎಂಬ ಅರ್ಥ, ಅಸ್ಪಷ್ಟವೆಂದರೆ ಕಣ್ಣಿಗೆ ದಕ್ಕದ್ದು. ‘ಸಂದಿಗ್ಧ’ದ ಬೇರಿಗೆ ಬಳಿಯುವುದು, ಮೆತ್ತುವುದು ಎಂಬ ಅರ್ಥ, ‘ಸಂದೇಹ’ವೂ ಅದೇ ಬೇರಿನದು. ಒಂದರ ಮೇಲೊಂದು ಬಳಿದು ಅಡಿಯ ಗೆರೆ ಮುಚ್ಚಿಹೋದ ಗೋಡೆಯಂತೆ ಸಂದಿಗ್ಧವಾದ ಉತ್ತರ. ಎಷ್ಟು ಸೊಗಸಾದ ಪದಗಳು! ಆದರೂ ‘ಮಸುಕು ಮಸುಕಾಗಿ’, ‘ಮಬ್ಬು ಮಬ್ಬಾಗಿ’ ಎಂದು ಇಮ್ಮಡಿಸಿ ಮಂಜನ್ನು ಅಲೆಯಾಡಿಸುವ ಸುಖ ನಮ್ಮ ದೇಸಿ ಮಾತಿಗೇ ಮೀಸಲು. ‘ಅಸ್ಪಷ್ಟ ಅಸ್ಪಷ್ಟವಾಗಿ’ ಎನ್ನಲು ನಾಲಿಗೆ ಏಳುವುದಿಲ್ಲ.

ಇನ್ನು ‘ಸುಮಾರು’. ಪಾರ್ಸಿಯಲ್ಲಿ ‘ಶುಮಾರ್’ ಎಂದರೆ ಎಣಿಕೆ. ಎಣಿಕೆಯ ಪದ ಕನ್ನಡಕ್ಕೆ ಬಂದು ಎಣಿಸದೆ ಹೇಳುವುದಕ್ಕೆ ಒದಗಿತು. ‘ಸುಮಾರು ನೂರು ಜನ’ ಅಂದಾಜು. ‘ಸುಮಾರು ಜನ ಬಂದಿದ್ದರು’ ಎಂದರೆ ಸಾಕಷ್ಟು ಜನ. ‘ಅಡುಗೆ ಸುಮಾರು’ ಎಂದರೆ ಅಷ್ಟಕ್ಕಷ್ಟೆ. ಇಲ್ಲೂ ‘ಆದ’, ‘ಆಗಿ’ ಸೇರಿದ ಕೂಡಲೇ ತೂಕ ಬದಲಾಗುತ್ತದೆ. ಸಂಗೀತ ಕಲಿಯುತ್ತಿರುವ ಹುಡುಗಿಯನ್ನು ‘ಸುಮಾರಾದ ಗಾಯಕಿ’ ಎಂದರೆ ತೀರ್ಪು ಅವಳ ಮೇಲೇ ಬಿತ್ತು, ಬಾಗಿಲು ಮುಚ್ಚಿತು. ‘ಸುಮಾರಾಗಿ ಹಾಡ್ತಾಳೆ’ ಎಂದರೆ ಸುಮಾರಾದದ್ದು ಈಗಿನ ಹಾಡಿಕೆ ಮಾತ್ರ. ನಾಳೆಯ ಸಾಧನೆಗೆ ಜಾಗ ಉಳಿಯಿತು.

ಆದ್ದರಿಂದ ಬರೆಯುವವರಲ್ಲಿ, ಅದರಲ್ಲೂ ಇನ್ನೊಬ್ಬರ ಬಗ್ಗೆ ಬರೆಯುವವರಲ್ಲಿ, ಒಂದು ಕೋರಿಕೆ. ‘ಮಸುಕು’ ಎಂದು ಬರೆದ ಮೇಲೆ ಒಂದು ಗಳಿಗೆ ನಿಲ್ಲಿ. ಮಂಜು ಬೆಟ್ಟದಲ್ಲಿದೆಯೇ, ನಿಮ್ಮ ಕಣ್ಣಿನೆದುರಿದೆಯೇ ನೋಡಿಕೊಳ್ಳಿ. ಆಮೇಲೆ ‘ಆದ’ವೋ ‘ಆಗಿ’ಯೋ ಸೇರಿಸಿ.