ಸ್ಕ್ರಾಚ್ ಪರದೆಯ ಮೇಲೆ ಒಂದು ಇಟ್ಟಿಗೆ

ವಿಜ್ಞಾನ ವಸ್ತುಪ್ರದರ್ಶನವೊಂದಕ್ಕೆ ನೀವು ತೀರ್ಪುಗಾರರಾಗಿ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಮೇಜಿನ ಮೇಲೆ ಒಂದು ಗಣಕ. ಪರದೆಯಲ್ಲಿ ಓಣಿಯೊಂದರ ಗೋಡೆಗಳು ಎರಡೂ ಬದಿಗೆ ಸರಿಯುತ್ತಿವೆ. ಬಾಣದ ಕೀಲಿ ಒತ್ತಿದರೆ ನಾವೇ ಒಳಗೆ ನಡೆದು ಹೋದಂತೆ ಭಾಸವಾಗುತ್ತದೆ. "ಸ್ಕ್ರಾಚ್‌ನಲ್ಲಿ ಮಾಡಿದ್ದು ಸರ್, ತ್ರೀ-ಡಿ" ಎನ್ನುತ್ತಾಳೆ ಒಂಬತ್ತನೆಯ ತರಗತಿಯ ಹುಡುಗಿ. ಸುತ್ತ ನಿಂತವರೆಲ್ಲ ಬೆರಗಾಗಿದ್ದಾರೆ. ಬಹುಮಾನ ಕೊಡುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಒಂದೇ: "ದೂರದ ಗೋಡೆ ಚಿಕ್ಕದಾಗಿ ಕಾಣುತ್ತಿದೆಯಲ್ಲ, ಅದಕ್ಕೆ ಕಾರಣವಾದ ಬ್ಲಾಕ್ ಯಾವುದು, ತೋರಿಸಮ್ಮ."

ಹುಡುಗಿ ಬೆರಳಿಟ್ಟು ಒಂದು ಭಾಗಾಕಾರದ ಬ್ಲಾಕನ್ನು ತೋರಿಸಿದರೆ ಆಕೆಗೆ ಜ್ಯಾಮಿತಿ ಗೊತ್ತಿದೆ. ತೋರಿಸಲಾಗದಿದ್ದರೆ ಆಕೆಗೆ ಗೊತ್ತಿರುವುದು ನಕಲು ಮಾಡುವ ಗುಂಡಿ ಮಾತ್ರ. ತಪ್ಪು ಆಕೆಯದಲ್ಲ. ಹೊಳಪಿಗೆ ಅಂಕ ಕೊಡುವ ನಾವು ಅದನ್ನು ಕಲಿಸಿದ್ದೇವೆ.

ಸ್ಕ್ರಾಚ್ ಎಂಬುದು ಅಮೆರಿಕದ ಎಂ.ಐ.ಟಿ. ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿದ ಉಚಿತ ತಂತ್ರಾಂಶ. ಇಲ್ಲಿ ಆಜ್ಞೆಗಳನ್ನು ಬರೆಯಬೇಕಿಲ್ಲ. ಬಣ್ಣದ ಬ್ಲಾಕುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಕ್ರಮವಿಧಿ ಸಿದ್ಧ. ಇದರ ಹಿರಿಯಜ್ಜ 1967ರಲ್ಲಿ ಸೇಮರ್ ಪೇಪರ್ಟ್ ಮತ್ತು ಸಂಗಡಿಗರು ಮಾಡಿದ ಲೋಗೋ ಭಾಷೆ. ಲೋಗೋದ ಆಮೆ ಗೆರೆ ಎಳೆಯುತ್ತಾ ನಡೆದಂತೆ ಇಲ್ಲಿ ಸ್ಪ್ರೈಟ್ ಎಂಬ ಪಾತ್ರ ಪೆನ್ ಹಿಡಿದು ನಡೆಯುತ್ತದೆ. ಅದು ನಡೆಯುವ ಅಂಗಳ 480 ಅಗಲ, 360 ಎತ್ತರ. ನಡುವೆ ಮೂಲಬಿಂದು, ಅಡ್ಡಕ್ಕೆ ಎಕ್ಸ್ ಅಕ್ಷ, ಉದ್ದಕ್ಕೆ ವೈ ಅಕ್ಷ. ಅಷ್ಟೇ. ಆಳವನ್ನು ಹೇಳುವ ಝಡ್ ಅಕ್ಷ ಸ್ಕ್ರಾಚ್‌ನಲ್ಲಿ ಇಲ್ಲ.

ಇಲ್ಲದಿರುವುದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ. ಇದ್ದಿದ್ದರೆ ಮೂರನೆಯ ಆಯಾಮವನ್ನು ಯಂತ್ರವೇ ತಂದುಕೊಡುತ್ತಿತ್ತು, ಮಕ್ಕಳು ಬಣ್ಣ ಬಳಿಯುತ್ತಿದ್ದರು. ಇಲ್ಲದ್ದರಿಂದ ಅದನ್ನು ಕಟ್ಟಬೇಕಾಗುತ್ತದೆ, ಕಟ್ಟುವ ಸಾಮಗ್ರಿಯೆಲ್ಲ ಎಸ್ಸೆಸ್ಸೆಲ್ಸಿ ಗಣಿತದಲ್ಲೇ ಇದೆ. ಆದರೆ ಈ ಲಾಭ ದಕ್ಕುವುದು ಕಟ್ಟಿದವರಿಗೆ ಮಾತ್ರ. ಸ್ಕ್ರಾಚ್ ತಾಣದಲ್ಲಿ ಯಾರದೇ ಕೃತಿಯನ್ನು ತೆರೆದು, 'ರೀಮಿಕ್ಸ್' ಒತ್ತಿ, ತನ್ನದಾಗಿ ಮುಂದುವರಿಸಲು ಅವಕಾಶವಿದೆ. ಕಲಿಯಲು ಇದು ಉತ್ತಮ ದಾರಿ, ನಿಜ. ಆದರೆ ಸಾವಿರಾರು ಬ್ಲಾಕುಗಳ ಸಿದ್ಧ 'ತ್ರೀ-ಡಿ ಎಂಜಿನ್' ಒಂದನ್ನು ತಂದು ಗೋಡೆಯ ಬಣ್ಣ ಬದಲಿಸಿದವರು ಒಳಗಿನ ಒಂದು ಬ್ಲಾಕನ್ನೂ ಓದಿರುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನೀವು ವಿಜಯನಗರ ಜಿಲ್ಲೆಯ ಇಟ್ಟಿಗಿಯಲ್ಲೋ ಕೊಟ್ಟೂರಿನಲ್ಲೋ ಪಾಠ ಮಾಡುವವರಾದರೆ ಒಂದು ಇಟ್ಟಿಗೆಯನ್ನು ತರಗತಿಗೆ ತನ್ನಿ. (ಊರ ಹೆಸರೇ ನೆನಪಿಸುತ್ತದೆ.) ನಮ್ಮ ದೇಶದ ಮಾನಕ ಇಟ್ಟಿಗೆಯ ಅಳತೆ 190, 90, 90 ಮಿಲಿಮೀಟರ್. ನಿಮ್ಮ ಕಡೆಯ ಭಟ್ಟಿಯ ಅಳತೆ ಬೇರೆಯಾಗಿದ್ದರೆ ಮಕ್ಕಳೇ ಅಳೆದು ಬರೆದುಕೊಳ್ಳಲಿ. ಮೂಲೆಗಳು ಎಂಟು, ಅಂಚುಗಳು ಹನ್ನೆರಡು. ಇಟ್ಟಿಗೆಯ ನಡುವನ್ನು ಮೂಲಬಿಂದು ಎಂದುಕೊಂಡರೆ ಪ್ರತಿ ಮೂಲೆಯೂ ಮೂರು ಸಂಖ್ಯೆ: ಎಡಕ್ಕೋ ಬಲಕ್ಕೋ 95, ಮೇಲಕ್ಕೋ ಕೆಳಕ್ಕೋ 45, ಮುಂದಕ್ಕೋ ಹಿಂದಕ್ಕೋ 45.

ಈಗ ಕಣ್ಣು ಇಟ್ಟಿಗೆಯ ನಡುವಿನಿಂದ 300 ದೂರದಲ್ಲಿದೆ ಎನ್ನಿ. ಅಷ್ಟೇ ದೂರದಲ್ಲಿ ಒಂದು ಗಾಜು, ಇಟ್ಟಿಗೆಯ ನಡುವನ್ನು ಸೀಳಿ ನಿಂತಂತೆ. ಆ ಗಾಜೇ ನಮ್ಮ ಪರದೆ. ಕಣ್ಣಿನಿಂದ ಒಂದು ಮೂಲೆಗೆ ದಾರ ಹಿಡಿದರೆ ಅದು ಗಾಜನ್ನು ತಾಗುವ ಜಾಗವೇ ಆ ಮೂಲೆಯ ಚಿತ್ರ. ಕಣ್ಣೇ ಶೃಂಗವಾಗಿರುವ ಎರಡು ಸಮರೂಪ ತ್ರಿಭುಜಗಳು ಕಾಣಿಸಿದವೇ? ಒಂದರ ಪಾದ ಗಾಜಿನ ಮೇಲಿದೆ, ಇನ್ನೊಂದರದ್ದು ಮೂಲೆಯ ಬಳಿ. ಬಾಹುಗಳ ಅನುಪಾತ ಸಮ. ಆದ್ದರಿಂದ ಮೂಲೆಯ ಎಕ್ಸ್ ಅನ್ನು 300ರಿಂದ ಗುಣಿಸಿ, ಕಣ್ಣಿನಿಂದ ಆ ಮೂಲೆಗಿರುವ ಆಳದಿಂದ ಭಾಗಿಸಿದರೆ ಪರದೆಯ ಎಕ್ಸ್ ಸಿಗುತ್ತದೆ. ವೈಗೂ ಇದೇ ಲೆಕ್ಕ. ಮುಂದಿನ ಮುಖದ ಆಳ 255; ಅಲ್ಲಿನ 95 ಪರದೆಯಲ್ಲಿ 111.8 ಆಗುತ್ತದೆ. ಹಿಂದಿನ ಮುಖದ ಆಳ 345. ಅದೇ 95 ಅಲ್ಲಿ 82.6ಕ್ಕೆ ಇಳಿಯುತ್ತದೆ. ಎಂಟು ಬಿಂದುಗಳನ್ನು ಹನ್ನೆರಡು ಗೆರೆಗಳಿಂದ ಸೇರಿಸಿ. ಪರದೆಯ ಮೇಲೆ ಇಟ್ಟಿಗೆ ನಿಂತಿತು. ತೀರ್ಪುಗಾರರು ಕೇಳಿದ ಭಾಗಾಕಾರ ಇದೇ.

ನೋಟ್‌ಬುಕ್ಕಿನಲ್ಲಿ ನಾವೆಲ್ಲ ಎರಡು ಆಯತ ಬರೆದು ಮೂಲೆಗಳನ್ನು ಓರೆ ಗೆರೆಗಳಿಂದ ಸೇರಿಸಿ ಆಯತಘನ ತೋರಿಸುತ್ತೇವೆ. ಅಲ್ಲಿ ಎರಡೂ ಆಯತ ಒಂದೇ ಗಾತ್ರ. ಅದು ತಪ್ಪಲ್ಲ; ಆದರೆ ಹಾಗೆ ಕಾಣಬೇಕಾದರೆ ಕಣ್ಣು ಅನಂತ ದೂರದಲ್ಲಿರಬೇಕು. 300ರ ಬದಲು 3000 ಹಾಕಿ ನೋಡಿದರೆ ಮಕ್ಕಳಿಗೇ ಇದು ಹೊಳೆಯುತ್ತದೆ.

ನಿಂತ ಇಟ್ಟಿಗೆಯನ್ನು ತಿರುಗಿಸುವುದು ಮುಂದಿನ ಹೆಜ್ಜೆ. ಇಲ್ಲಿಯೇ ಬಹಳ ಜನ ಎಡವುತ್ತಾರೆ, ಎಡವುವುದೇ ಪಾಠ. ಲಂಬ ಅಕ್ಷದ ಸುತ್ತ ತಿರುಗುವಾಗ ಹೊಸ ಎಕ್ಸ್ ಎಂದರೆ ಹಳೆಯ ಎಕ್ಸ್ ಗುಣಿಸು ಕೊಸೈನ್, ಅದರಿಂದ ಹಳೆಯ ಝಡ್ ಗುಣಿಸು ಸೈನ್ ಕಳೆದದ್ದು. ಹೊಸ ಝಡ್ ಎಂದರೆ ಹಳೆಯ ಎಕ್ಸ್ ಗುಣಿಸು ಸೈನ್, ಅದಕ್ಕೆ ಹಳೆಯ ಝಡ್ ಗುಣಿಸು ಕೊಸೈನ್ ಕೂಡಿದ್ದು. ಬ್ಲಾಕುಗಳು ಮೇಲಿನಿಂದ ಕೆಳಕ್ಕೆ ನಡೆಯುತ್ತವೆ. ಮೊದಲ ಬ್ಲಾಕ್ ಎಕ್ಸ್ ಅನ್ನು ಬದಲಿಸಿಬಿಟ್ಟರೆ ಎರಡನೆಯದಕ್ಕೆ ಸಿಗುವುದು ಹಳೆಯ ಎಕ್ಸ್ ಅಲ್ಲ, ಹೊಸದು. ಪರಿಣಾಮ ಏನು ಗೊತ್ತೇ? ಇಟ್ಟಿಗೆ ತಿರುಗುತ್ತದೆ, ಚೆನ್ನಾಗಿಯೇ ತಿರುಗುತ್ತದೆ, ಆದರೆ ತಿರುಗುತ್ತಾ ತಿರುಗುತ್ತಾ ಸೊರಗುತ್ತದೆ. ಎತ್ತರ ಹಾಗೇ ಉಳಿದು ಉದ್ದ ಅಗಲಗಳು ಮಾತ್ರ ಕುಗ್ಗುತ್ತವೆ. ಪ್ರತಿ ಹೆಜ್ಜೆಗೆ ಕುಗ್ಗುವ ಪ್ರಮಾಣ ಆ ಕೋನದ ಕೊಸೈನ್‌ನಷ್ಟು. ಹೆಜ್ಜೆಗೆ 5 ಡಿಗ್ರಿಯಾದರೆ 0.9962, ಕಣ್ಣಿಗೆ ಕಾಣದು. 72 ಹೆಜ್ಜೆಗಳ ಒಂದು ಸುತ್ತು ಮುಗಿಯುವಾಗ 0.76 ಉಳಿದಿರುತ್ತದೆ, ಅಂದರೆ ನಾಲ್ಕರಲ್ಲಿ ಮೂರು ಪಾಲು. ಮದ್ದು ಸುಲಭ: ಹಳೆಯ ಎಕ್ಸ್ ಅನ್ನು ಬೇರೊಂದು ಚರದಲ್ಲಿ ಎತ್ತಿಟ್ಟುಕೊಳ್ಳುವುದು. ಆದರೆ ಮದ್ದನ್ನು ಮೊದಲೇ ಹೇಳಬೇಡಿ. ಇಟ್ಟಿಗೆ ಯಾಕೆ ಕರಗುತ್ತಿದೆ ಎಂದು ಮಕ್ಕಳು ಒಂದು ಪೀರಿಯಡ್ ತಲೆ ಕೆರೆದುಕೊಳ್ಳಲಿ. ಸಿದ್ಧ ಎಂಜಿನ್ ತಂದವರಿಗೆ ಈ ಭಾಗ್ಯವಿಲ್ಲ; ಅಲ್ಲಿ ಈ ತಪ್ಪನ್ನು ಯಾರೋ ಎಂದೋ ತಿದ್ದಿಟ್ಟಿದ್ದಾರೆ.

ಗೆರೆಯ ಇಟ್ಟಿಗೆಗೆ ಮೈ ತುಂಬಿಸಹೊರಟರೆ ಸ್ಕ್ರಾಚ್‌ನ ಕೊರತೆಗಳು ಒಂದೊಂದಾಗಿ ಎದುರಾಗುತ್ತವೆ. ಇವನ್ನು ಮುಚ್ಚಿಡಬಾರದು. ಪೆನ್ ಗೆರೆ ಎಳೆಯುತ್ತದೆ, ಆದರೆ ಒಂದು ತ್ರಿಭುಜದ ಒಳಗನ್ನು ತುಂಬುವ ಬ್ಲಾಕ್ ಇಲ್ಲ. ಒತ್ತೊತ್ತಾಗಿ ಗೆರೆ ಎಳೆದೇ ತುಂಬಬೇಕು. ಪೆನ್ನಿನ ಚಿತ್ರ ಯಾವಾಗಲೂ ಸ್ಪ್ರೈಟ್‌ಗಳ ಹಿಂದೆಯೇ ಇರುವುದರಿಂದ ಪೆನ್ನಿನಿಂದ ಬರೆದ ಕಂಬದ ಹಿಂದೆ ಬೆಕ್ಕಿನ ಸ್ಪ್ರೈಟ್ ಅಡಗಲಾರದು. ಸ್ವಂತ ಬ್ಲಾಕ್ ಮಾಡಿಕೊಳ್ಳುವ ಸೌಲಭ್ಯ 2013ರ ಎರಡನೆಯ ಆವೃತ್ತಿಯಲ್ಲಿ ಬಂತು. ಆದರೆ ಆ ಬ್ಲಾಕ್ ಉತ್ತರವನ್ನು ಹಿಂತಿರುಗಿಸುವುದಿಲ್ಲ. ಹಾಗಾಗಿ ಲೆಕ್ಕದ ಫಲವನ್ನು ಎಲ್ಲರಿಗೂ ಕಾಣುವ ಚರದಲ್ಲಿ ಸುರಿದು, ಅಲ್ಲಿಂದ ಮತ್ತೆ ಎತ್ತಿಕೊಳ್ಳಬೇಕು. ಪಟ್ಟಿಯೊಳಗೆ ಪಟ್ಟಿ ಇಡುವಂತಿಲ್ಲ. ಎಂಟು ಮೂಲೆಗಳಿಗೆ ಮೂರು ಪಟ್ಟಿ, ಹನ್ನೆರಡು ಅಂಚುಗಳಿಗೆ ಎರಡು ಪಟ್ಟಿ ಪ್ರತ್ಯೇಕವಾಗಿ ಬೇಕು.

ಇನ್ನೆರಡು ಕೊರತೆಗಳು ಹೊಸಬರನ್ನು ದಿಕ್ಕು ತಪ್ಪಿಸುವಂಥವು. ಸ್ಪ್ರೈಟ್ ಅಂಗಳದಿಂದ ಪೂರ್ತಿ ಹೊರಗೆ ಹೋಗದಂತೆ ಸ್ಕ್ರಾಚ್ ತಡೆಯುತ್ತದೆ. ಮೂಲೆಯೊಂದು ಪರದೆಯಾಚೆಗೆ ಬಿದ್ದರೆ ಗೆರೆ ಅಂಚಿನಲ್ಲೇ ನಿಂತು ಇಟ್ಟಿಗೆ ಸೊಟ್ಟಗಾಗುತ್ತದೆ. ವಿದ್ಯಾರ್ಥಿ ತನ್ನ ಸೂತ್ರವನ್ನು ಅನುಮಾನಿಸುತ್ತಾನೆ, ಸೂತ್ರ ಸರಿಯಾಗಿಯೇ ಇರುತ್ತದೆ. ಎರಡನೆಯದು, ಆಳ ಸೊನ್ನೆಯಾದಾಗ ಭಾಗಾಕಾರಕ್ಕೆ ಅರ್ಥವಿಲ್ಲವೆಂದು ಸ್ಕ್ರಾಚ್ ಕೂಗಿ ಹೇಳುವುದಿಲ್ಲ, ಅನಂತವೆಂದು ಬರೆದುಕೊಂಡು ಮುಂದೆ ಸಾಗುತ್ತದೆ. ಕಣ್ಣಿನ ಹಿಂದೆ ಹೋದ ಬಿಂದುಗಳಂತೂ ತಲೆಕೆಳಗಾಗಿ ಮುಂದೆ ಮೂಡುತ್ತವೆ. ಸೊನ್ನೆಯಿಂದ ಭಾಗಿಸಬಾರದು ಎಂಬ ಮಾತು ಮಕ್ಕಳ ಕಿವಿಗೆ ಎಷ್ಟೋ ಸಲ ಬಿದ್ದಿರುತ್ತದೆ. ಭಾಗಿಸಿದರೆ ಏನು ಕಾಣುತ್ತದೆ ಎಂಬುದು ಇಲ್ಲಿ ಕಣ್ಣೆದುರೇ ಇದೆ.

ಯಾವ ಮುಖ ಯಾವುದನ್ನು ಮರೆಮಾಡುತ್ತದೆ ಎಂಬುದೂ ನಾವೇ ತೀರ್ಮಾನಿಸಬೇಕಾದ ಸಂಗತಿ. ಒಂದೇ ಇಟ್ಟಿಗೆಯಾದರೆ ಕಣ್ಣಿಗೆ ಬೆನ್ನು ಮಾಡಿದ ಮುಖಗಳನ್ನು ಬಿಟ್ಟರೆ ಸಾಕು. ಹಲವು ಇಟ್ಟಿಗೆಗಳಿದ್ದರೆ ದೂರದ್ದನ್ನು ಮೊದಲು ಬರೆದು ಹತ್ತಿರದ್ದನ್ನು ಅದರ ಮೇಲೆ ಬರೆಯುವುದು ರೂಢಿ. ಚಿತ್ರಕಾರ ಮೊದಲು ಆಕಾಶ, ಆಮೇಲೆ ಗುಡ್ಡ, ಕೊನೆಗೆ ಮರ ಬರೆದಂತೆ. ಈ ಉಪಾಯ ಸೋಲುವುದನ್ನು ನೋಡಬೇಕೆಂದರೆ ಮೂರು ಅಳತೆಪಟ್ಟಿಗಳನ್ನು ಒಂದು ಇನ್ನೊಂದರ ಮೇಲೆ, ಅದು ಮತ್ತೊಂದರ ಮೇಲೆ, ಅದು ಮೊದಲನೆಯದರ ಮೇಲೆ ಬರುವಂತೆ ಹೆಣೆದು ಮೇಜಿನ ಮೇಲಿಡಿ. ಯಾವುದನ್ನು ಮೊದಲು ಬರೆಯುತ್ತೀರಿ?

ಆ ಹುಡುಗಿಯ ಓಣಿಗೆ ಮರಳೋಣ. ಅದರಲ್ಲಿ ನಿಜವಾಗಿ ಇರುವುದು ಮೇಲಿನಿಂದ ನೋಡಿದ ಒಂದು ನಕ್ಷೆ, ಅಂದರೆ ಎರಡೇ ಆಯಾಮ. ಕಣ್ಣಿನಿಂದ ಬೀಸಣಿಗೆಯಂತೆ ಕಿರಣಗಳನ್ನು ಬಿಟ್ಟು, ಪ್ರತಿಯೊಂದೂ ಗೋಡೆಗೆ ಬಡಿಯುವ ದೂರವನ್ನು ಅಳೆದು, ದೂರ ಹೆಚ್ಚಿದಷ್ಟೂ ಗಿಡ್ಡವಾದ ಉದ್ದಗೆರೆಯನ್ನು ಪರದೆಯಲ್ಲಿ ಎಳೆಯಲಾಗುತ್ತದೆ. 1992ರ 'ವುಲ್ಫೆನ್‌ಸ್ಟೈನ್ ತ್ರೀ-ಡಿ' ಆಟದಿಂದ ಜನಪ್ರಿಯವಾದ ತಂತ್ರವಿದು. ಸ್ಕ್ರಾಚ್‌ಗೆ ಇದು ಹಗುರ, ಅದಕ್ಕೇ ಅಷ್ಟು ಪ್ರಚಾರ. ಆದರೆ ಅಲ್ಲಿ ತಲೆಯೆತ್ತಿ ಚಾವಣಿ ನೋಡಲಾಗದು. ಒಂದರ ಮೇಲೊಂದು ಅಂತಸ್ತು ಇಡಲಾಗದು. ಅಳೆದ ದೂರವನ್ನು ಹಾಗೆಯೇ ಬಳಸಿದರೆ ನೇರ ಗೋಡೆ ಉಬ್ಬಿದಂತೆ ಕಾಣುತ್ತದೆ: ನೋಟದ ನಡುಗೆರೆಯಿಂದ 30 ಡಿಗ್ರಿ ಪಕ್ಕದ ಕಿರಣಕ್ಕೆ ಅದೇ ಗೋಡೆ 1.155 ಪಟ್ಟು ದೂರ, ಎತ್ತರ 0.866ಕ್ಕೆ ಕುಸಿಯುತ್ತದೆ. ದೂರವನ್ನು ಆ ಕೋನದ ಕೊಸೈನ್‌ನಿಂದ ಗುಣಿಸಿದರೆ ಗೋಡೆ ನೆಟ್ಟಗಾಗುತ್ತದೆ. ಹುಡುಗಿ ಈ ಗುಣಾಕಾರವನ್ನು ತಾನೇ ಸೇರಿಸಿದ್ದರೆ, ಏಕೆಂದು ಹೇಳಬಲ್ಲವಳಾದರೆ, ಬಹುಮಾನ ಧಾರಾಳವಾಗಿ ಕೊಡಿ.

ಆಳವನ್ನು ತಾನೇ ಕೊಡುವ ಬ್ಲಾಕ್ ಪರಿಸರಗಳೂ ಇವೆ. ಬೀಟಲ್ ಬ್ಲಾಕ್ಸ್‌ನಲ್ಲಿ ಆಮೆಯ ಬದಲು ದುಂಬಿಯೊಂದು ಮೂರೂ ಆಯಾಮದಲ್ಲಿ ಓಡಾಡುತ್ತದೆ; ಟಿಂಕರ್‌ಕ್ಯಾಡ್‌ನ ಕೋಡ್‌ಬ್ಲಾಕ್ಸ್‌ನಲ್ಲಿ ಘನಾಕೃತಿಗಳನ್ನೇ ಜೋಡಿಸಬಹುದು. ವಸ್ತುವೊಂದನ್ನು ರೂಪಿಸುವುದೇ ಗುರಿಯಾದರೆ ಸ್ಕ್ರಾಚ್ ಬಿಟ್ಟು ಅವನ್ನು ಹಿಡಿಯುವುದೇ ವಿವೇಕ. ಆದರೆ ಅವು ಭಾಗಾಕಾರವನ್ನು ಒಳಗೇ ಮುಗಿಸಿಬಿಡುತ್ತವೆ. ಇಟ್ಟಿಗೆ ಕಟ್ಟಿದ ಮೇಲೆ ಅಲ್ಲಿಗೆ ಹೋದವರಿಗೆ ಯಂತ್ರ ಏನು ಮಾಡುತ್ತಿದೆ ಎಂಬುದು ಗೊತ್ತಿರುತ್ತದೆ.

ಇಟ್ಟಿಗೆಯಾದ ಮೇಲೆ ಏನು ಬರೆಯಬೇಕೆಂಬುದಕ್ಕೆ ನಿಮ್ಮ ಸೀಮೆಯಲ್ಲೇ ಮಾದರಿಗಳಿವೆ. ಬಾಗಳಿ, ಕುರುವತ್ತಿ, ಹಿರೇಹಡಗಲಿ, ಮಾಗಳಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ನಿಂತಿವೆ. ತಿರುಗಣಿಗೆ ಹಾಕಿ ಕಡೆದಂಥ ಕಂಬಗಳು ಆ ಶೈಲಿಯ ಗುರುತು. ಅಂಥ ಕಂಬದ ಒಂದು ಬದಿಯ ಅಂಕುಡೊಂಕನ್ನು ಎತ್ತರ, ತ್ರಿಜ್ಯ ಎಂಬ ಎರಡು ಪಟ್ಟಿಗಳಲ್ಲಿ ಬರೆದು, ಇಟ್ಟಿಗೆ ತಿರುಗಿಸಿದ ಬ್ಲಾಕಿನಿಂದಲೇ 15 ಡಿಗ್ರಿಗೊಮ್ಮೆ ತಿರುಗಿಸಿದರೆ ಪೂರ್ತಿ ಕಂಬ ಏಳುತ್ತದೆ.

ಹೊಳೆಯಾಚೆ ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿರುವ ದೊಡ್ಡಬಸಪ್ಪನ ಗುಡಿ ಇನ್ನೂ ಸೊಗಸಾದ ಸವಾಲು. ಅದರ ಗರ್ಭಗುಡಿಯ ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸಿ ಆರು ಚೌಕ ಬರೆದರೆ ಆ ಮೊನೆಗಳು ಬರುತ್ತವೆ. ಲೋಗೋ ಅಭ್ಯಾಸದಂತೆ ಮೂಲೆಯಿಂದ ಚೌಕ ಎಳೆಯುತ್ತಾ ತಿರುಗಿಸಿದರೆ ನಕ್ಷತ್ರ ಬರುವುದಿಲ್ಲ, ಬೀಸಣಿಗೆ ಬರುತ್ತದೆ. ಸ್ಪ್ರೈಟನ್ನು ಕೇಂದ್ರದಲ್ಲಿಟ್ಟು ಸೈನ್ ಕೊಸೈನ್‌ಗಳಿಂದ ಮೂಲೆಗಳನ್ನು ಹುಡುಕಬೇಕು. ಹೊರಗೆರೆ ಮಾತ್ರ ಸಾಕಾದರೆ 7.5 ಡಿಗ್ರಿಗೊಂದರಂತೆ 48 ಬಿಂದು: ಒಂದು ಮೊನೆ, ಒಂದು ಒಳಗುಳಿ. ಮೊನೆಯ ತ್ರಿಜ್ಯ 1 ಆದರೆ ಒಳಗುಳಿಯದು 0.891, ಹೇಗೆಂದು ತ್ರಿಕೋನಮಿತಿ ಬಲ್ಲ ವಿದ್ಯಾರ್ಥಿಗಳು ತಾಳೆ ನೋಡಲಿ. ಇಂಥ ನಕ್ಷತ್ರಗಳನ್ನು ಮೇಲೆ ಹೋದಂತೆ ಕಿರಿದು ಮಾಡುತ್ತಾ ಎಂಟು ಹಂತ ಪೇರಿಸಿದರೆ ಶಿಖರದ ಛಾಯೆ ಮೂಡುತ್ತದೆ. ಬಿಂದುಗಳು 384. ಬಿಂದುವಿಗೊಂದು ಕ್ಲೋನ್ ಮಾಡಲು ಹೊರಟವರು ಸ್ಕ್ರಾಚ್‌ನ 300 ಕ್ಲೋನ್‌ಗಳ ಮಿತಿಗೆ ಬಡಿದು ನಿಲ್ಲುತ್ತಾರೆ. ಒಂದೇ ಸ್ಪ್ರೈಟ್, ಒಂದೇ ಪೆನ್ ಬಳಸಿದರೆ ತೊಡಕಿಲ್ಲ. ಗೆರೆ ಎಳೆಯುವ ಸ್ವಂತ ಬ್ಲಾಕಿಗೆ 'ಪರದೆ ನವೀಕರಿಸದೆ ನಡೆಸು' ಎಂಬ ಆಯ್ಕೆಯನ್ನು ಗುರುತು ಮಾಡಲು ಮರೆಯದಿರಿ. ಇಲ್ಲದಿದ್ದರೆ ಸೆಕೆಂಡಿಗೆ 30 ಗೆರೆಯಂತೆ, ಇಟ್ಟಿಗೆಯ ಹನ್ನೆರಡು ಅಂಚಿಗೇ 0.4 ಸೆಕೆಂಡು ಬೇಕು. ಈ ಶಿಖರದ 384 ಗೆರೆಗಳಿಗೆ ಹನ್ನೆರಡು ಸೆಕೆಂಡಿಗೂ ಹೆಚ್ಚು.