ಅರ್ಧ ಅಂಗುಲದ ಲೆಕ್ಕ

ಮದರಾಸಿನಿಂದ ಬೆಂಗಳೂರಿಗೆ ಬರುವ ಹೆದ್ದಾರಿಯು ಪಲಮನೇರನ್ನು ಹಿಂದಿಕ್ಕಿ, ನಂಗಲಿಯ ಬಳಿ ಕನ್ನಡನಾಡನ್ನು ಹೊಕ್ಕು, ಮೂಡಣ ಬಾಗಿಲೆಂದೇ ಹೆಸರಾದ ಮುಳಬಾಗಿಲಿನ ಬಂಡೆಗುಡ್ಡಗಳತ್ತ ಸಾಗುತ್ತದೆ. 1961ರಿಂದ ಮೊದಲ್ಗೊಂಡು ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳು ನಮ್ಮ ಸೀಮೆಗೆ ಬಂದುದು ಬಹುಮಟ್ಟಿಗೆ ಈ ಬಾಗಿಲಿನಿಂದಲೇ ಇರಬೇಕು. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಆ ಕಾರನ್ನು ಬರಿಯ ಸಂಸಾರದ ಬಂಡಿಯೆಂದು ಹಗುರಾಗಿ ಕಾಣುವವರುಂಟು. 1962ರಲ್ಲಿ ಟ್ರಯಂಫ್ ಕಂಪನಿಯವರು ಹೊರತಂದ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಇದೇ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ ಎಂಬುದನ್ನು ಅವರು ಮರೆಯುತ್ತಾರೆ. ಅಕ್ಕತಂಗಿಯರಿಗೆ ಮೈಕಟ್ಟು ಬೇರೆಯಾದರೂ ವ್ಯಾಧಿಗಳು ಒಂದೇ.

ಕಳೆದ ಮಾಘಮಾಸದಲ್ಲಿ ಬಂಧುಗಳ ಮನೆಯ ಮದುವೆಗೆಂದು ನನ್ನ ಹೆರಾಲ್ಡಿನಲ್ಲಿ ಬೈರಕೂರಿಗೆ ಹೋಗಿದ್ದಾಗ, ಚಪ್ಪರದ ಮುಂದೆ ಗಾಡಿಯನ್ನು ಹಿಂದಕ್ಕೆ ತೆಗೆಯಹೋದ ನನಗೆ, ಓಲಗದವರ ಸದ್ದನ್ನೂ ಮೀರಿಸಿ ಗೇರುಬಾಕ್ಸಿನೊಳಗಿಂದ ಹಲ್ಲು ಕಡಿದ ಕರ್ಕಶಧ್ವನಿ ಕೇಳಿಸಿತು. ಟ್ರ್ಯಾಕ್ಟರು ರಿಪೇರಿ ಮಾಡುವ ಒಬ್ಬ ಯುವಕನನ್ನು ಕರೆತಂದರು. ಅವನು ಪೆಡಲನ್ನು ಒಮ್ಮೆ ತುಳಿದು, "ಕ್ಲಚ್ ಪ್ಲೇಟ್ ಹೋಗಿದೆ ಸ್ವಾಮಿ, ಗೇರ್‌ಬಾಕ್ಸ್ ಇಳಿಸಿಬಿಡೋಣ" ಎಂದನು. "ತಾಳಪ್ಪ, ಮೊದಲು ಕಾಲಿನ ಹತ್ತಿರ ನೋಡೋಣ" ಎಂದೆ.

ಪ್ಲೇಟು ಸವೆದಿದ್ದರೆ ಇಂಜಿನ್ನು ಕೂಗುತ್ತದೆ, ಗಾಡಿ ಏರುವುದಿಲ್ಲ. ನಮ್ಮ ತೊಂದರೆ ಅದಕ್ಕೆ ವಿರುದ್ಧವಾದುದು: ಪೆಡಲನ್ನು ತಳಮುಟ್ಟ ಒತ್ತಿದರೂ ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿರಲಿಲ್ಲ. ಹೆರಾಲ್ಡಿನಲ್ಲಿ ಪೆಡಲ್ಲಿಗೂ ಕ್ಲಚ್ಚಿಗೂ ನಡುವೆ ತಂತಿಯಿಲ್ಲ. ಇರುವುದು ಬ್ರೇಕ್ ಆಯಿಲ್ಲಿನ ಒಂದು ಸಣ್ಣ ಕಂಬ. ಪಾದದ ಬಲವನ್ನು ಮಾಸ್ಟರ್ ಸಿಲಿಂಡರು ಆ ದ್ರವಕ್ಕೆ ಒಪ್ಪಿಸುತ್ತದೆ, ಗೇರುಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರು ಅದನ್ನು ಮರಳಿ ಪಡೆದು ಕ್ಲಚ್ಚನ್ನು ನೂಕುತ್ತದೆ. ಈ ವ್ಯವಹಾರದಲ್ಲಿ ಬಲ ಹೆಚ್ಚಿದಷ್ಟೂ ಚಲನೆ ಕುಗ್ಗುವುದರಿಂದ, ಪೆಡಲ್ಲು ನಾಲ್ಕೈದು ಅಂಗುಲ ಇಳಿದರೂ ಕೊನೆಗೆ ಕೈಗೆ ಬರುವುದು ಸುಮಾರು ಅರ್ಧ ಅಂಗುಲ ಮಾತ್ರ. ಮೇಲುಗಡೆ ಯಾರೋ ಕದ್ದ ಕೂದಲೆಳೆಯೂ ಕೆಳಗೆ ಬಡತನವಾಗಿ ಕಾಣಿಸಿಕೊಳ್ಳುವುದು ಆದಕಾರಣವೇ.

ಕಳ್ಳರನ್ನು ಹುಡುಕುವುದಕ್ಕೂ ಒಂದು ಕ್ರಮವುಂಟು. ಪೆಡಲನ್ನು ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ಕುಸಿದರೆ ಸಿಲಿಂಡರಿನೊಳಗಿನ ರಬ್ಬರು ಸೋತಿದೆ. ಎರಡು ಮೂರು ಸಲ ಪಂಪು ಮಾಡಿದ ಮೇಲೆ ಗಟ್ಟಿಯಾದರೆ ಗಾಳಿ ಸೇರಿರುವ ಸಂಭವ ಹೆಚ್ಚು. ಪೆಡಲ್ಲಿನ ಬುಡದ ಕಾರ್ಪೆಟ್ಟು ತೇವವಾಗಿದ್ದರೆ ಮಾಸ್ಟರ್ ಸಿಲಿಂಡರು ತಾನೇ ತಪ್ಪೊಪ್ಪಿಕೊಂಡಂತೆ. ನಮ್ಮದರಲ್ಲಿ ಕಾರ್ಪೆಟ್ಟು ಒಣಗಿತ್ತು, ಪೆಡಲ್ಲು ಕುಸಿಯಲಿಲ್ಲ, ಪಂಪು ಮಾಡಿದರೆ ಅಲ್ಪಸ್ವಲ್ಪ ಗಟ್ಟಿಯಾಗುತ್ತಿತ್ತು.

ಇನ್ನೊಂದು ಸಂದೇಹವನ್ನು ಪರಿಹರಿಸಿಕೊಳ್ಳದೆ ನನಗೆ ಸಮಾಧಾನವಿರಲಿಲ್ಲ. ಈ ಇಂಜಿನ್ನುಗಳ ಕ್ರ್ಯಾಂಕ್ ಹಿಂದುಮುಂದು ಸರಿಯದಂತೆ ತಡೆಯುವುದು ಅರ್ಧಚಂದ್ರಾಕೃತಿಯ ಎರಡು ವಾಷರುಗಳು. ಕ್ಲಚ್ಚನ್ನು ಒತ್ತಿದಾಗಲೆಲ್ಲ ಭಾರ ಬೀಳುವುದು ಅವುಗಳ ಮೇಲೆ. ಅವು ಸವೆದು ಕಳಚಿ ಬಿದ್ದರೆ, ಕ್ಲಚ್ಚನ್ನು ಬಿಡಿಸಬೇಕಾದ ಚಲನೆಯು ಕ್ರ್ಯಾಂಕನ್ನು ಮುಂದಕ್ಕೆ ತಳ್ಳುವುದರಲ್ಲಿಯೇ ವ್ಯಯವಾಗುತ್ತದೆ. ಹೆರಾಲ್ಡಿನ ಬಾನೆಟ್ಟು ಮಡ್ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಮುಂಚಕ್ರದ ಮೇಲೆಯೇ ಕುಳಿತು ಇಂಜಿನ್ನನ್ನು ನೋಡಬಹುದು (ಇಂಥ ಸೌಕರ್ಯವನ್ನು ಇಂದಿನ ಕಾರಿನವರು ಏಕೆ ಮರೆತರೋ!). ಹುಡುಗನೊಬ್ಬನು ಪೆಡಲ್ಲು ತುಳಿದನು, ನಾನು ಪುಲ್ಲಿಯನ್ನು ಎವೆಯಿಕ್ಕದೆ ನೋಡಿದೆ. ಅದು ಕದಲಲಿಲ್ಲ. ನಿಟ್ಟುಸಿರು ಬಿಟ್ಟೆ.

ಆಮೇಲೆ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಪೆಡಲ್ಲನ್ನು ಮಾಸ್ಟರ್ ಸಿಲಿಂಡರಿನ ಸರಳಿಗೆ ಜೋಡಿಸುವ ಪಿನ್ನನ್ನು ಹೊರಗೆಳೆದೆವು. ಕಿರುಬೆರಳಿಗಿಂತ ಸಣ್ಣದಾದ ಆ ಉಕ್ಕಿನ ತುಂಡಿನ ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು. ದುಂಡಗಿರಬೇಕಾದ ಪೆಡಲ್ಲಿನ ತೂತು ಮೊಟ್ಟೆಯಾಕಾರ. ಪಾದವು ಕೆಳಗಿಳಿದರೂ ಸರಳು ಹೊರಡುವ ಮೊದಲೇ ಅಷ್ಟು ದೂರ ವ್ಯರ್ಥವಾಗುತ್ತಿತ್ತು. ಮುಳಬಾಗಿಲಿನಲ್ಲಿ ಬೋರ್‌ವೆಲ್ ಮೋಟಾರುಗಳ ಕೆಲಸ ಮಾಡುವ ಲೇತಿನವರೊಬ್ಬರು ತೂತಿಗೆ ಬೆಸುಗೆ ತುಂಬಿ, ಮರಳಿ ಕೊರೆದು, ಹೊಸ ಪಿನ್ನನ್ನು ಹೊಂದಿಸಿಕೊಟ್ಟರು.

ಉಳಿದದ್ದು ಗಾಳಿ. ಬಾಟಲಿಯಲ್ಲಿದ್ದ ಬ್ರೇಕ್ ಆಯಿಲ್ಲು ಸಾಲದೆಂದು ನಮ್ಮ ಯುವಕನು ಟ್ರ್ಯಾಕ್ಟರಿನ ಆಯಿಲ್ಲಿನ ಡಬ್ಬವನ್ನೆತ್ತಿದಾಗ ನಾನು ಹೌಹಾರಿ ಕೈ ಹಿಡಿದೆ. ಆ ಖನಿಜತೈಲ ಒಂದು ತೊಟ್ಟು ಸೇರಿದರೂ ಸಿಲಿಂಡರಿನ ರಬ್ಬರು ಊದಿ ಕೆಡುತ್ತದೆ. ಬ್ರೇಕ್ ಆಯಿಲ್ಲಿನ ಸ್ವಭಾವವೇ ಬೇರೆ: ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಡಾಟ್ 3 ದ್ರವವು ಹೊಸತಿನಲ್ಲಿ 205 ಡಿಗ್ರಿಯವರೆಗೆ ಕುದಿಯದಿದ್ದರೂ ನೀರು ಸೇರಿದ ಮೇಲೆ 140ಕ್ಕೇ ಕುದಿಯಬಲ್ಲದು. ಕ್ಲಚ್ಚಿನ ಮಟ್ಟಿಗೆ ಕುದಿಯುವುದಕ್ಕಿಂತಲೂ ಆ ನೀರು ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಸುವುದೇ ಹೆಚ್ಚಿನ ಅನರ್ಥ. ಆದುದರಿಂದ ಮೊಹರು ಒಡೆಯದ ಹೊಸ ಬಾಟಲಿಯನ್ನೇ ತರಿಸಿ, ಸ್ಲೇವಿನ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, "ಒತ್ತು, ಹಿಡಿ, ಬಿಡು" ಎಂದು ಹುಡುಗನಿಗೆ ಹೇಳುತ್ತ, ಗುಳ್ಳೆಗಳು ನಿಲ್ಲುವವರೆಗೂ ಗಾಳಿ ತೆಗೆದೆವು. ಬಾನೆಟ್ಟಿನ ಅಂಚಿಗೆ ಬಿದ್ದ ಹನಿಗಳನ್ನು ಒಡನೆಯೇ ನೀರಿನಿಂದ ತೊಳೆದೆ. ಬಣ್ಣಕ್ಕೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ.

ಇಂಜಿನ್ನು ಚಾಲೂ ಮಾಡಿ, ಕ್ಲಚ್ಚು ಒತ್ತಿ, ಮೂರೆಣಿಸಿ ರಿವರ್ಸಿಗೆ ಹಾಕಿದೆ. ಸದ್ದಿಲ್ಲದೆ ಬಿದ್ದಿತು. ಯುವಕನು ಸವೆದ ಪಿನ್ನನ್ನು ಬೆರಳುಗಳ ನಡುವೆ ಹೊರಳಿಸುತ್ತ ಏನೂ ಮಾತಾಡದೆ ತನ್ನ ಶೆಡ್ಡಿನ ಮುಂದೆ ನಿಂತಿದ್ದ ಟ್ರ್ಯಾಕ್ಟರಿನ ಬಳಿಗೆ ನಡೆದು, ಅದರ ಕ್ಲಚ್ ಪೆಡಲ್ಲನ್ನು ಎಡಕ್ಕೂ ಬಲಕ್ಕೂ ಅಲುಗಿಸಿ, "ಇದೂ ಹಂಗೇ ಐತೆ ಸ್ವಾಮಿ" ಎಂದನು.